ಪಿಚ್‌ನ ಅಡಿಯ ಪ್ರತಿವಾದಿ

ಮೋಲ್ ಎಂಬ ಪ್ರಾಣಿಯನ್ನು ಸೋಲಿಸಲು ಒಂದು ಗಟ್ಟಿಯಾದ ವಾದ ಸಾಕು ಎಂದು ನಾನು ಪ್ರಾಮಾಣಿಕವಾಗಿ ನಂಬಿದ್ದೆ. ಹಾಗೆ ನಂಬಲು ಕಾರಣಗಳಿದ್ದವು. ಶಾಲೆಯಲ್ಲಿ, ಕಾಲೇಜಿನಲ್ಲಿ, ಊರೂರಿನ ಚರ್ಚಾಸ್ಪರ್ಧೆಗಳಲ್ಲಿ ವೇದಿಕೆ ಹತ್ತಿದ ಮೇಲೆ ನಾನು ಬರಿಗೈಯಲ್ಲಿ ಇಳಿದವಳೇ ಅಲ್ಲ. ತುಮಕೂರಿನ ನಮ್ಮ ಮನೆಯ ಶೋಕೇಸಿನಲ್ಲಿ ನನ್ನ ಕಪ್ಪುಗಳು ತುಂಬಿಕೊಂಡು, ನಮ್ಮ ಅಬ್ಬಾ ತಮ್ಮ ಕನ್ನಡಕವನ್ನು ಫ್ರಿಜ್ಜಿನ ಮೇಲೆ ಇಡುವಂತಾಗಿತ್ತು. ನಾನು ಪರವಾಗಿಯೂ ಮಾತಾಡಬಲ್ಲೆ, ವಿರೋಧವಾಗಿಯೂ ಮಾತಾಡಬಲ್ಲೆ. ವಿಷಯ ಏನೆಂದು ಯಾರೂ ಹೇಳದಿದ್ದರೂ ಮಾತಾಡಬಲ್ಲೆ. ಇಂಥವಳ ಎದುರು, ಮುಷ್ಟಿಯಷ್ಟಿರುವ, ಕಣ್ಣೂ ಸರಿಯಾಗಿ ಕಾಣದ ಒಂದು ಜಂತು ಯಾವ ಲೆಕ್ಕ?

ಮೋಲ್ ಅಂದರೆ ಏನೆಂದು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಅದು ನಮ್ಮ ಕಡೆ ಇಲ್ಲ. ಕಪ್ಪು ಮಖಮಲ್ಲಿನ ಕೋಟು ತೊಟ್ಟ ಇಲಿಯ ಹಾಗೆ ಇರುತ್ತದೆ. ಮುಂಗಾಲುಗಳು ಎರಡು ಪುಟ್ಟ ಸಲಿಕೆಗಳು. ಹುಟ್ಟುವುದು, ಉಣ್ಣುವುದು, ಮಲಗುವುದು ಎಲ್ಲವೂ ನೆಲದಡಿಯ ಸುರಂಗದಲ್ಲಿ. ತೋಡಿದ ಮಣ್ಣನ್ನು ಮಾತ್ರ ಮೇಲಕ್ಕೆ ತಳ್ಳಿಬಿಡುತ್ತದೆ. ನಿನ್ನೆ ಇಸ್ತ್ರಿ ಮಾಡಿದಂತಿದ್ದ ಹುಲ್ಲಿನ ಮೇಲೆ ಇವತ್ತು ಸಾಲುಸಾಲು ಮಣ್ಣಿನ ಗುಡ್ಡೆಗಳು! ಯಾರೋ ಮದುವೆ ಮನೆಯ ಅಡುಗೆಯವರು ರಾಗಿಮುದ್ದೆ ಕಟ್ಟಿ ಆರಲು ಇಟ್ಟಂತೆ ಕಾಣುತ್ತದೆ.

ಈ ಪ್ರಾಣಿಗೂ ನನಗೂ ಏನು ಸಂಬಂಧ ಎಂದು ಕೇಳಬಹುದು. ಕ್ರಿಕೆಟ್!

ನಾನೂ ನನ್ನ ಗಂಡ ಫಯಾಜೂ ಡಚ್ಚರ ನಾಡಿನ ಟಿಲ್‌ಬರ್ಗ್‌ನಲ್ಲಿದ್ದೇವೆ. ಇಬ್ಬರಿಗೂ ಸರಕು ಸಾಗಣೆ ಕಂಪನಿಗಳಲ್ಲಿ ಕೆಲಸ. ಫಯಾಜ್ ಹರಿಹರದವನು, ತಾಳ್ಮೆಯ ಮನುಷ್ಯ. ನನ್ನನ್ನು ಮದುವೆಯಾದದ್ದೇ ಅದಕ್ಕೆ ಸಾಕ್ಷಿ. ಆದರೆ ಕ್ರಿಕೆಟ್ ಇಲ್ಲದ ಭಾನುವಾರ ಅವನು ಸುಮ್ಮನೆ ಕೂರಲಾರ. ಪರದೆ ಬಿಚ್ಚಿ ಒಗೆಯುತ್ತಾನೆ. ಮಸಾಲೆ ಡಬ್ಬಿಗಳ ಜಾಗ ಬದಲಿಸುತ್ತಾನೆ. ಸೋಮವಾರ ನಾನು ಟೀಗೆ ಸಕ್ಕರೆ ಎಂದುಕೊಂಡು ರವೆ ಹಾಕುತ್ತೇನೆ. ಆದ್ದರಿಂದ ಅವನಿಗೊಂದು ಮೈದಾನ ಸಿಗುವುದು ಅವನಿಗಿಂತ ನನಗೆ ಅಗತ್ಯವಾಗಿತ್ತು. ಈ ದೇಶದಲ್ಲಿ ಖಾಲಿ ಹುಲ್ಲು ಕಂಡಲ್ಲೆಲ್ಲ ಒಂದೋ ಫುಟ್‌ಬಾಲ್ ಗೋಲು ನೆಟ್ಟಿರುತ್ತಾರೆ, ಇಲ್ಲವೇ ಹಸು ನಿಲ್ಲಿಸಿರುತ್ತಾರೆ. ನಮಗೆ ಸಿಕ್ಕಿದ್ದು ಹಸುವಿನವರು.

ಊರಾಚೆಯ ಹಿರಿಯ ರೈತರು, ಹೆಸರು ಹೆಂಕ್. ನಮ್ಮ ಕ್ರಿಕೆಟ್ ತಂಡದವರೆಲ್ಲ 'ಹೆಂಕ್ ಅಂಕಲ್' ಎನ್ನುತ್ತೇವೆ. ಇಷ್ಟು ಜನ ದೊಡ್ಡವರು ಇದ್ದಕ್ಕಿದ್ದಂತೆ ತನಗೆ ಹೇಗೆ ಸಂಬಂಧಿಕರಾದರು ಎಂಬುದು ಅವರಿಗೆ ಇನ್ನೂ ಅರ್ಥವಾಗಿಲ್ಲ. ಅವರ ಹುಲ್ಲುಗಾವಲಿನ ಪಕ್ಕದಲ್ಲಿ ಒಂದು ಖಾಲಿ ತುಂಡು ನೆಲವಿತ್ತು. ಆಡಿಕೊಳ್ಳಿ ಎಂದರು.

"ಬಾಡಿಗೆ ಬೇಡ," ಅಂದರು ತಮ್ಮ ತುಂಡು ತುಂಡು ಇಂಗ್ಲಿಷಿನಲ್ಲಿ. "ಬದಲಿಗೆ ಮೋಲ್ ನೋಡಿಕೊಳ್ಳಿ. ಹುಲ್ಲಿನ ಜೊತೆ ಗುಡ್ಡೆ ಮಣ್ಣು ಸೇರಿದರೆ ಹಸುಗಳ ಮೇವು ಹಾಳು, ಯಂತ್ರದ ಬ್ಲೇಡೂ ಹಾಳು. ಈ ವಸಂತದ ಮೊದಲ ಕೊಯ್ಲಿನ ಹೊತ್ತಿಗೆ ನನಗೆ ಗುಡ್ಡೆ ಕಾಣಬಾರದು."

"ಕಂಡರೆ?" ಫಯಾಜ್ ಕೇಳಿದ.

"ಕಂಡರೆ ಈ ಜಾಗದಲ್ಲಿ ನನ್ನ ಭಾವಮೈದುನನ ಕುದುರೆಗಳು."

ಆ ಸಂಜೆ ನಮ್ಮ ಅಡುಗೆಮನೆಯಲ್ಲಿ ತುರ್ತುಸಭೆ ಸೇರಿತು. ಹಾಜರಿದ್ದವರು ನಾನು, ಫಯಾಜ್ ಮತ್ತು ಒಲೆಯ ಮೇಲಿನ ದಾಲ್.

"ಇಲ್ಲಿ ಮೋಲ್ ಹಿಡಿಯೋರು ಅಂತಾನೇ ಇರ್ತಾರಂತೆ ಸಮೀ. ಅವರನ್ನೇ ಕರೆಸಿಬಿಡೋಣ," ಅಂದ ಫಯಾಜ್.

"ಅವರನ್ನೇ ಯಾಕೆ ಕರೆಸಬೇಕು? ನಿನ್ನ ಆಧಾರ ಏನು?"

"ಅವರು ಮೋಲ್ ಹಿಡೀತಾರೆ."

"ಅದು ಆಧಾರ ಅಲ್ಲ, ಬರೀ ವ್ಯಾಖ್ಯಾನ! ಬೇರೆಯವರಿಗಿಂತ ಚೆನ್ನಾಗಿ ಹಿಡೀತಾರೆ ಅನ್ನೋದಕ್ಕೆ ಪ್ರೂಫ್ ಎಲ್ಲಿದೆ?"

"ಸಮೀ, ದಾಲ್ ಸೀದು ಹೋಗ್ತಿದೆ."

"ಸಬ್ಜೆಕ್ಟ್ ಚೇಂಜ್ ಮಾಡ್ಬೇಡ!"

ದಾಲ್ ಸೀದುಹೋಯಿತು. ಚರ್ಚೆ ಮಾತ್ರ ನಾನೇ ಗೆದ್ದೆ. ಬಹುಮಾನವಾಗಿ ಮೋಲ್ ನಿಯಂತ್ರಣದ ಸಂಪೂರ್ಣ ಜವಾಬ್ದಾರಿ ನನಗೆ ದೊರೆಯಿತು.

ಮೊದಲ ಸಲಹೆ ಎದುರಾಳಿ ಪಾಳೆಯದಿಂದ ಬಂತು. ವೂರ್‌ಬರ್ಗ್ ಊರಿನ ತಂಡದ ಕ್ಯಾಪ್ಟನ್ ಪ್ರಶಾಂತ್, ಮೈಸೂರಿನವರು, ಐಟಿ ಕೆಲಸ. ಮೊದಲ ಮ್ಯಾಚು ಅವರ ಜೊತೆಗೇ ನಿಗದಿಯಾಗಿತ್ತು. ಫೋನಿನಲ್ಲಿ ಬಹಳ ಉತ್ಸಾಹದಿಂದ ಹೇಳಿದರು.

"ಮೇಡಂ, ಸಿಂಪಲ್. ಖಾಲಿ ಬಾಟ್ಲು ಹೂತಿಡಿ, ಬಾಯಿ ಮೇಲಕ್ಕಿರ್ಲಿ. ಗಾಳಿ ಬೀಸಿದ್ರೆ ಪೀಪಿ ಥರ ಊದುತ್ತೆ. ಆ ಸೌಂಡಿಗೆ ಮೋಲ್ ತಲೆಕೆಟ್ಟು ಓಡಿಹೋಗುತ್ತೆ. ನಮ್ಮ ಪಕ್ಕದ ಮನೆ ಡಚ್ ಅಜ್ಜಿ ಹೇಳಿದ್ದು."

"ಅಜ್ಜಿ ಟೆಸ್ಟ್ ಮಾಡಿ ನೋಡಿದ್ದಾರಾ?"

"ಗೊತ್ತಿಲ್ಲ ಮೇಡಂ. ಆದ್ರೆ ಅಜ್ಜಿ ಮನೇಲಿ ಬಾಟ್ಲು ಬೇಜಾನ್ ಇದೆ."

ಇಂಥ ಮೂಢನಂಬಿಕೆಯನ್ನು ಸುಮ್ಮನೆ ತಳ್ಳಿಹಾಕಬಾರದು, ಸುಳ್ಳೆಂದು ಸಾಬೀತು ಮಾಡಿಯೇ ತಳ್ಳಿಹಾಕಬೇಕು ಎಂದು ತೀರ್ಮಾನಿಸಿದೆ. ಅರ್ಧ ಮೈದಾನಕ್ಕೆ ಬಾಟಲಿ, ಇನ್ನರ್ಧ ಖಾಲಿ. ಶುದ್ಧ ವೈಜ್ಞಾನಿಕ ಪ್ರಯೋಗ! ಒಂದೇ ತೊಡಕು: ನಮ್ಮ ಮನೆಯಲ್ಲಿದ್ದದ್ದು ರಂಜಾನಿನ ಶರಬತ್ತಿನ ಒಂಟಿ ಬಾಟಲಿ. ಫಯಾಜ್ ಬೀದಿಯ ಮನೆಮನೆಗೂ ಹೋಗಿ ಖಾಲಿ ಬಿಯರ್ ಬಾಟಲಿ ಬೇಡಿ ತಂದ. ಇಬ್ಬರೂ ಕ್ರೇಟಿನ ಒಂದೊಂದು ಕಿವಿ ಹಿಡಿದು ಗಲಗಲ ಸದ್ದು ಮಾಡುತ್ತ ತಿರುವಿಗೆ ಬಂದೆವು. ಎದುರಿಗೆ ಮಸೀದಿಯಿಂದ ಬರುತ್ತಿದ್ದ ಬಶೀರ್ ಚಾಚಾ! ಬೀದರಿನವರು, ನಮ್ಮಂಥ ಹುಡುಗರ ನಡತೆಯ ಮೇಲೆ ಸ್ವಯಂಪ್ರೇರಣೆಯಿಂದ ಕಣ್ಣಿಟ್ಟಿರುವವರು.

"ಸಲಾಂ ಬೇಟಾ," ಅಂದರು ಕ್ರೇಟಿನ ಕಡೆ ನೋಡುತ್ತ. "ಏನಿದು?"

"ನಮಗಲ್ಲ ಚಾಚಾ!" ಫಯಾಜ್ ಬೆವರಿದ. "ಮೋಲ್‌ಗೆ. ಜಾನ್ವರ್, ಜಾನ್ವರ್!"

"ತೌಬಾ ತೌಬಾ! ಬಾಯಿಲ್ಲದ ಜಾನ್ವರಿಗೂ ಕುಡಿಸ್ತೀರೇನು?"

ಅವತ್ತಿನಿಂದ ಚಾಚಾ ನಮ್ಮನ್ನು ಕಂಡರೆ ಮೊದಲು ಮೂಗಿನಲ್ಲಿ ಉಸಿರೆಳೆದು, ಆಮೇಲೆ ಸಲಾಂ ಹೇಳುತ್ತಾರೆ.

ಬಾಟಲಿ ಹೂತ ಮೇಲೆ ಗಾಳಿ ಬೀಸಿತು. ಬಾಟಲಿಗಳು ಊದಿದವು. ಬಾಟಲಿ ಇದ್ದ ಅರ್ಧದಲ್ಲೇ ಹೊಸ ಗುಡ್ಡೆಗಳು ಎದ್ದವು! ಒಂದು ಬಾಟಲಿಯನ್ನಂತೂ ಮೋಲ್ ಬುಡಸಮೇತ ಎತ್ತಿ ಗುಡ್ಡೆಯ ನೆತ್ತಿಯ ಮೇಲೆ ಓರೆಯಾಗಿ ಕೂರಿಸಿತ್ತು.

"ನೋಡಿದ್ಯಾ! ನಾನು ಹೇಳ್ಲಿಲ್ವಾ? ಅಜ್ಜಿ ಥಿಯರಿ ಢಮಾರ್!" ನಾನು ಕುಣಿದಾಡಿಬಿಟ್ಟೆ.

ಫಯಾಜ್ ಗುಡ್ಡೆಗಳನ್ನು ನೋಡಿದ, ನನ್ನನ್ನು ನೋಡಿದ. "ಸಮೀ, ನಾವು ಯಾರ ಕಡೆ?"

ಎರಡನೆಯದು ಬೋನು. ಇದು ನಮ್ಮೂರಿನ ಇಲಿಬೋನಿನಂತಲ್ಲ. ಸ್ಪ್ರಿಂಗು ಹಾಕಿದ ಕಬ್ಬಿಣದ ಚಿಮುಟ. ಸುರಂಗವನ್ನು ಅಗೆದು, ಚಿಮುಟದ ಬಾಯಿ ತೆರೆದು ಒಳಗಿಟ್ಟು, ಮೇಲೆ ಹುಲ್ಲಿನ ಹೆಂಟೆ ಮುಚ್ಚಬೇಕು. ಮೋಲ್ ಬಂದರೆ ಚಟ್! ಫಯಾಜ್ ರೈತರ ಅಂಗಡಿಯಿಂದ ತಂದ. ಬಿಡಿಸಿ ತೋರಿಸಲು ಹೋದವನನ್ನು ತಡೆದು, ಯಂತ್ರದ ತತ್ವ ನನಗೆ ತಿಳಿದಿದೆ ಎಂದೆ. ತತ್ವ ನಿಜಕ್ಕೂ ತಿಳಿದಿತ್ತು.

ಅಂದು ಈದ್. ನಮಾಜು, ಊಟ ಎಲ್ಲ ಮುಗಿಸಿ, ನೆಂಟರ ಮನೆಗೆ ಹೋಗುವ ದಾರಿಯಲ್ಲಿ ಬೋನು ಇಟ್ಟುಬಿಡೋಣ ಎಂದು ಹೊಸ ಬಟ್ಟೆಯಲ್ಲೇ ಮೈದಾನಕ್ಕೆ ಹೋದೆವು. ಫಯಾಜ್ ಕಾರು ತಿರುಗಿಸಲು ಹೋದ. ನಾನು ಮಂಡಿಯೂರಿ ಕೂತು, ಬೋನಿನ ಬಾಯಿ ತೆರೆದು, ಸುರಂಗದೊಳಗೆ ಇಳಿಸಿದೆ. ಮೋಲ್‌ಗಿಂತ ಮೊದಲು ನನ್ನ ಜರಿಯಂಚಿನ ದುಪ್ಪಟ್ಟಾ ಒಳಗೆ ಹೋಯಿತು. ಚಟ್!

ಎಳೆದೆ. ಬರಲಿಲ್ಲ. ಇನ್ನೊಮ್ಮೆ ಎಳೆದೆ. ಪಿನ್ನು ಹಾಕಿದ್ದ ಭುಜ ಕೆಳಕ್ಕೆ ಬಂತು, ದುಪ್ಪಟ್ಟಾ ಬರಲಿಲ್ಲ. ಹೀಗೆ ನೆಲಕ್ಕೆ ಕಟ್ಟಿಹಾಕಿದ ಮೇಕೆಯಂತೆ ಬಾಗಿ ಕೂತಿರುವಾಗ ಹೆಂಕ್ ಅಂಕಲ್ ಸೈಕಲ್ಲಿನಲ್ಲಿ ಬಂದರು!

"ಎಲ್ಲ ಸರಿ ಇದೆಯೇ?"

"ಸಂಪೂರ್ಣವಾಗಿ!" ಅಂದೆ ತಲೆ ಎತ್ತದೆ. ಎತ್ತಲು ಸಾಧ್ಯವಿರಲಿಲ್ಲ. "ನೆಲದ ಕಂಪನವನ್ನು ಆಲಿಸುತ್ತಿದ್ದೇನೆ."

ಅವರು ಟೋಪಿ ತೆಗೆದು ಎದೆಗಿಟ್ಟುಕೊಂಡು, ಸದ್ದಾಗದಂತೆ ಸೈಕಲ್ ತಳ್ಳಿಕೊಂಡು ಹೋದರು. ಹಬ್ಬದ ದಿನದ ಪ್ರಾರ್ಥನೆ ಎಂದುಕೊಂಡರೋ ಏನೋ.

ಫಯಾಜ್ ಬಂದ.

"ಬಿಡಿಸು," ಅಂದೆ.

"ಮೊದ್ಲು ಫೋಟೋ."

ಬೋನಿನ ವಿಧಾನವು ಅಪಾಯಕಾರಿ, ಅಮಾನವೀಯ ಹಾಗೂ ಜರಿಗೆ ಹಾನಿಕರ ಎಂಬ ಕಾರಣಕ್ಕೆ ಅದನ್ನು ಸರ್ವಾನುಮತದಿಂದ ತಿರಸ್ಕರಿಸಲಾಯಿತು. ಆ ಸಭೆಯಲ್ಲಿ ನಾನೊಬ್ಬಳೇ ಇದ್ದೆ.

ಮುಂದಿನದು ನನ್ನ ಜೀವನದ ಮಹಾ ಸಂಶೋಧನೆ. ಅದು ಆಕಸ್ಮಿಕವಾಗಿ ಆಯಿತು. ದೊಡ್ಡ ಸಂಶೋಧನೆಗಳೆಲ್ಲ ಹಾಗೇ ಅಲ್ಲವೇ?

ಮ್ಯಾಚು ಹತ್ತಿರ ಬಂದಿತ್ತು. ಹುಡುಗರು ಹುಲ್ಲು ಕೆರೆದು ಪಿಚ್ ಮಾಡಿದ್ದರು, ಆದರೆ ಮಣ್ಣು ಪುಡಿಪುಡಿ. ಚೆಂಡು ಬಿದ್ದಲ್ಲೇ ಮಲಗುತ್ತಿತ್ತು. ಫಯಾಜ್‌ಗೆ ಹರಿಹರದ ಬಯಲು ನೆನಪಾಯಿತು. "ನಾವು ಹುಡುಗರಿದ್ದಾಗ ನೀರು ಚಿಮುಕಿಸಿ ಸಗಣಿ ಸಾರಿಸ್ತಿದ್ವಿ. ಒಣಗಿದ್ರೆ ಸಿಮೆಂಟ್ ಥರ, ಚೆಂಡು ಟಣ್ ಅಂತ ಏಳೋದು!" ಸಗಣಿಗೇನು ಬರ? ಹೆಂಕ್ ಅಂಕಲ್ ಕೊಟ್ಟಿಗೆಯ ಹಿಂದೆ ಬೆಟ್ಟವೇ ಇತ್ತು. ತಗೊಳ್ಳಿ ಎಂದರು, ಯಾಕೆ ಎಂದು ಕೇಳುವ ಧೈರ್ಯ ಮಾಡಲಿಲ್ಲ. ನಮ್ಮ ತಂಡದ ಇಂಜಿನಿಯರುಗಳೆಲ್ಲ ಪ್ಯಾಂಟು ಮಡಚಿ ಬಕೆಟ್ ಹಿಡಿದು ಸಾರಿಸಿದರು. ನಾನು ಬದಿಯಲ್ಲಿ ನಿಂತು ಮಾರ್ಗದರ್ಶನ ಮಾಡಿದೆ.

ಮರುದಿನ ಪಿಚ್ ಮೇಲೆ ಗುಡ್ಡೆ ಇಲ್ಲ. ಅದರ ಮರುದಿನವೂ ಇಲ್ಲ!

ನನ್ನ ಮೆದುಳಿನಲ್ಲಿ ದೀಪ ಹತ್ತಿತು. ಮೋಲ್‌ಗೆ ಕಣ್ಣು ಮಂದ, ಮೂಗು ಚುರುಕು. ಸಗಣಿಗೆ ವಾಸನೆ ಜೋರು. ಆದ್ದರಿಂದ ಮೋಲ್ ಓಡಿಹೋಗಿದೆ. ಎಷ್ಟು ಸುಂದರವಾದ ತರ್ಕ! ಎಲ್ಲೂ ಒಂದು ಬಿರುಕಿಲ್ಲ. ಇಷ್ಟು ಚಂದದ ತರ್ಕ ಸುಳ್ಳಾಗಲು ಸಾಧ್ಯವೇ ಇಲ್ಲವೆಂದು ಅದನ್ನು ಬಾಟಲಿಗಳಂತೆ ಪರೀಕ್ಷೆಗೆ ಒಡ್ಡಲಿಲ್ಲ. ಆ ವಸಂತದಲ್ಲಿ ಮಳೆಯೂ ಇರಲಿಲ್ಲ, ಸುತ್ತಲ ನೆಲ ಹಪ್ಪಳದಂತೆ ಒಣಗಿತ್ತು. ಸಗಣಿಯ ವಾಸನೆ ಆರಬಾರದೆಂದು ದಿನಾ ಆಫೀಸಿನಿಂದ ನೇರವಾಗಿ ಹೋಗಿ ಪಿಚ್‌ಗೆ ನೀರು ಹಾಕಿದೆ. ಇನ್ನೊಂದು ಪದರ ಸಗಣಿ. ಇನ್ನಷ್ಟು ನೀರು.

"ಸಮೀ, ಇಲ್ಲಿ ನೋಡು, ಎರೆಹುಳ ತುಂಬಾ ಆಗಿದೆ," ಅಂದ ಫಯಾಜ್ ಒಂದು ದಿನ, ಪಿಚ್‌ನ ಅಂಚನ್ನು ಕಾಲಿನಿಂದ ಕೆದಕುತ್ತ.

"ಹೆಲ್ದಿ ಮಣ್ಣಿನ ಲಕ್ಷಣ."

"ಮೋಲ್ ತಿನ್ನೋದು ಅದನ್ನೇ ಅಲ್ವಾ?"

"ತಿನ್ನೋಕೆ ಮೋಲ್ ಎಲ್ಲಿದೆ, ತೋರಿಸು?"

ಅವನು ಕೆದಕಿದ ಮಣ್ಣನ್ನು ಕಾಲಿನಿಂದಲೇ ಮುಚ್ಚಿದ. ಉತ್ತರ ನೆಲದಡಿ ದಾರಿಯಲ್ಲಿತ್ತು.

ನಾನು ಹೆಂಕ್ ಅಂಕಲ್ ಬಳಿ ಹೋಗಿ, ಮೋಲ್ ಸಮಸ್ಯೆ ಶಾಶ್ವತವಾಗಿ ಬಗೆಹರಿದಿದೆ, ಮ್ಯಾಚಿನ ದಿನ ತಾವೇ ಬಂದು ಪರಿಶೀಲಿಸಬೇಕು ಎಂದು ಕೋರಿದೆ. ಮ್ಯಾಚಿನ ಮರುದಿನವೇ ಹುಲ್ಲು ಕೊಯ್ಯುವುದಾಗಿ ಅವರೂ ಹೇಳಿದರು. ಅಂದರೆ ನಮ್ಮ ಮೈದಾನದ ಹಣೆಬರಹ ಮ್ಯಾಚಿನ ದಿನವೇ ತೀರ್ಮಾನವಾಗಲಿತ್ತು.

ಆ ಭಾನುವಾರ ಬಿಸಿಲು, ನೀಲಿ ಆಕಾಶ, ಬಿರಿಯಾನಿ ಡಬ್ಬಿಗಳು, ಪುಳಿಯೋಗರೆ ಡಬ್ಬಿಗಳು. ಬೌಂಡರಿಯ ಹತ್ತಿರ ಮಡಚುವ ಕುರ್ಚಿಯಲ್ಲಿ ಹೆಂಕ್ ಅಂಕಲ್. ಅಂಪೈರ್ ನಾನು. ನನ್ನನ್ನು ಆಟಕ್ಕೆ ಸೇರಿಸಿಕೊಂಡರೆ ಪ್ರತಿ ಚೆಂಡಿಗೂ ಅಂಪೈರ್ ಜೊತೆ ವಾದಕ್ಕೆ ಇಳಿಯುತ್ತೇನೆ, ಅದರ ಬದಲು ಅಂಪೈರೇ ಆಗಲಿ ಎಂದು ಎರಡೂ ತಂಡಗಳು ಅಪರೂಪಕ್ಕೆ ಒಮ್ಮತಕ್ಕೆ ಬಂದಿದ್ದವು. ಬಿಳಿ ಕೋಟು ತೊಟ್ಟು, ಗಂಡನೆಂಬ ಮುಲಾಜಿಲ್ಲದೆ ತೀರ್ಪು ಕೊಡುವುದಾಗಿ ಘೋಷಿಸಿದ್ದೆ.

ಆಟ ಕೊನೆಯ ಓವರಿಗೆ ಬಂತು. ನಮ್ಮದು ಕೊನೆಯ ವಿಕೆಟ್. ಬ್ಯಾಟು ಹಿಡಿದವನು ಫಯಾಜ್. ಇನ್ನೊಂದೆರಡು ರನ್ ಹೊಡೆದರೆ ಗೆಲುವು. ಬೌಲರ್ ಸಾಕ್ಷಾತ್ ಪ್ರಶಾಂತ್. ಓಡಿ ಬಂದರು, ಎಸೆದರು. ಫಯಾಜ್ ಕಣ್ಣು ಮುಚ್ಚಿ ಬೀಸಿದ. ಚೆಂಡು ಬ್ಯಾಟಿಗೂ ತಾಗದೆ, ಸ್ಟಂಪಿಗೂ ತಾಗದೆ, ಗೇಣು ದೂರದಿಂದ ಹಾದು ಕೀಪರ್ ಕೈ ಸೇರಿತು.

ಆಮೇಲೆ ನಿಧಾನವಾಗಿ, ಯಾವ ಅವಸರವೂ ಇಲ್ಲದೆ, ಸ್ಟಂಪಿನ ಮೇಲಿದ್ದ ಬೇಲ್ ಕೆಳಕ್ಕೆ ಬಿತ್ತು.

"ಹೌ ಈಸ್ ದಟ್!" ವೂರ್‌ಬರ್ಗೇ ಕೂಗಿತು.

ನನಗೆ ಎಲ್ಲವೂ ಕಂಡಿತ್ತು. ಸ್ಟಂಪಿನ ಬುಡದಲ್ಲಿ ನೆಲ ಎಣ್ಣೆಯಲ್ಲಿ ಬಿಟ್ಟ ಪೂರಿಯಂತೆ ಉಬ್ಬುತ್ತಿತ್ತು! ಔಟ್ ಕೊಟ್ಟರೆ ನಿರಪರಾಧಿ ಗಂಡನಿಗೆ ಅನ್ಯಾಯ, ತಂಡಕ್ಕೆ ಸೋಲು, ನನಗೆ ತಿಂಗಳುಗಟ್ಟಲೆ ಟೀಯಲ್ಲಿ ರವೆ. ಮೋಲ್ ಬೀಳಿಸಿತು ಎಂದು ನಿಜ ಹೇಳಿದರೆ ಬೌಂಡರಿಯಲ್ಲೇ ಕುರ್ಚಿ, ಕುರ್ಚಿಯಲ್ಲೇ ಹೆಂಕ್ ಅಂಕಲ್, ನಾಳೆಯೇ ಕುದುರೆಗಳು. ಇಂಥ ಇಕ್ಕಟ್ಟಿನಲ್ಲಿ ತರಬೇತಿ ಪಡೆದ ಚರ್ಚಾಪಟು ಏನು ಮಾಡಬೇಕು? ಮೂರನೆಯ ದಾರಿ ಹುಡುಕಬೇಕು.

"ನಾಟೌಟ್!" ಅಂದೆ. "ಗಾಳಿಗೆ ಬೇಲ್ ಬಿದ್ದಿದೆ."

"ಯಾವ ಗಾಳಿ ಮೇಡಂ?" ಪ್ರಶಾಂತ್ ದೂರಕ್ಕೆ ಕೈ ತೋರಿಸಿದರು. ದಿಗಂತದಲ್ಲಿ ಸಾಲಾಗಿ ನಿಂತ ಗಾಳಿಯಂತ್ರಗಳಲ್ಲಿ ಒಂದರ ರೆಕ್ಕೆಯೂ ಅಲುಗುತ್ತಿರಲಿಲ್ಲ. ವರ್ಷವಿಡೀ ಛತ್ರಿ ಮುರಿಯುವ ದೇಶಕ್ಕೆ ಅವತ್ತೇ ಉಸಿರು ನಿಲ್ಲಬೇಕಿತ್ತೆ!

"ಲೋಕಲ್ ಗಾಳಿ."

"ಬರೀ ಸ್ಟಂಪಿಗೆ ಮಾತ್ರ ಬೀಸೋ ಗಾಳಿನಾ?"

"ಬೀಸೋಕೆ ಸಾಧ್ಯ ಇಲ್ಲ ಅಂತ ಸಾಬೀತು ಮಾಡ್ತೀರಾ?"

ನಾನು ಕೇಳಿ ಮುಗಿಸುವಷ್ಟರಲ್ಲಿ ನಡುವಿನ ಸ್ಟಂಪು ತಾನಾಗಿಯೇ ಒಂದಿಂಚು ಮೇಲೆದ್ದು, ಸುಸ್ತಾದವನಂತೆ ಪಕ್ಕದ ಸ್ಟಂಪಿನ ಹೆಗಲಿಗೆ ಒರಗಿತು.

"ಈಗ ಗಾಳಿ ಕೆಳಗಿಂದ ಬರ್ತಿದೆ ಮೇಡಂ," ಅಂದ ಕೀಪರ್.

ಫಯಾಜ್ ನನ್ನನ್ನು ಕಾಪಾಡಲು ಧಾವಿಸಿದ. "ಏನಿಲ್ಲ, ಏನಿಲ್ಲ!" ಎನ್ನುತ್ತ ಉಬ್ಬಿದ ಜಾಗವನ್ನು ಬೂಟಿನಿಂದ ತುಳಿದ. ಪಕ್ಕದಲ್ಲಿ ಇನ್ನೊಂದು ಎದ್ದಿತು. ಅದನ್ನು ತುಳಿದ. ಗುಡ್ ಲೆಂತಿನಲ್ಲಿ ಮತ್ತೊಂದು! ಬ್ಯಾಟು ಹಿಡಿದು, ಪ್ಯಾಡು ಕಟ್ಟಿಕೊಂಡು, ಪಿಚ್‌ನ ಈ ತುದಿಯಿಂದ ಆ ತುದಿಗೆ ಅವನು ಕುಣಿದ ಕುಣಿತಕ್ಕೆ ಪುಳಿಯೋಗರೆ ಬಡಿಸುತ್ತಿದ್ದವರು ಸೌಟು ಹಿಡಿದೇ ನಿಂತುಬಿಟ್ಟರು. ಒಂದು ಮೋಲ್ ಅಲ್ಲ, ನೆಲದಡಿ ದೊಡ್ಡ ದಾವತ್ತೇ ನಡೆದಿತ್ತು. ಪಂಕ್ತಿ ಹಾಕಿ ಬಡಿಸಿದವಳು ನಾನೇ!

ಹೆಂಕ್ ಅಂಕಲ್ ಕುರ್ಚಿಯಿಂದ ಎದ್ದರು. ಗಂಭೀರವಾಗಿ ನಡೆದು ಬಂದು, ಪಿಚ್ ಮುಂದೆ ನಿಂತು, ಏಳುತ್ತಿದ್ದ ಗುಡ್ಡೆಗಳನ್ನು ನೋಡಿದರು. ಬಗ್ಗಿ ಒಂದು ಹಿಡಿ ಮಣ್ಣೆತ್ತಿದರು. ಅದರಲ್ಲಿ ಎರೆಹುಳಗಳು ಶಾವಿಗೆಯಂತೆ ನುಲಿಯುತ್ತಿದ್ದವು. ನಾನು ಕ್ಷಮೆಯ ಭಾಷಣದ ಪೀಠಿಕೆ ಸಿದ್ಧಮಾಡಿಕೊಂಡೆ.

"ಮೋಯ್!" ಅಂದರು ಅವರು. ಡಚ್ಚರು ಮಗು ಹುಟ್ಟಿದಾಗಲೂ, ಟ್ಯೂಲಿಪ್ ಅರಳಿದಾಗಲೂ ಹೇಳುವ ಮಾತು ಅದು. ಬಹಳ ಚೆಂದ ಎಂದರ್ಥ!

"ಚೆಂದವೇ?"

"ಬೆಳಿಗ್ಗೆ ನನ್ನ ಹುಲ್ಲುಗಾವಲು ಪೂರ್ತಿ ಸುತ್ತಿ ಬಂದೆ. ಒಂದೇ ಒಂದು ಹೊಸ ಗುಡ್ಡೆ ಇಲ್ಲ! ಯಾಕೆ ಎಂದು ಯೋಚಿಸುತ್ತಿದ್ದೆ. ಎಲ್ಲ ಇಲ್ಲಿಗೆ ಬಂದಿವೆ. ಅಲ್ಲಿ ಒಣ ನೆಲ, ಇಲ್ಲಿ ನೀರು, ಸಗಣಿ, ಹುಳ. ಎಲ್ಲವನ್ನೂ ಒಂದೇ ಕಡೆ ಕರೆದುಬಿಟ್ಟಿದ್ದೀಯಲ್ಲ! ಎಂಥ ತಲೆ ನಿನ್ನದು! ಈ ಜಾಗ ನಿಮ್ಮದೇ, ಎಷ್ಟು ವರ್ಷ ಬೇಕಾದರೂ ಆಡಿ."

ಟಿಲ್‌ಬರ್ಗ್ ತಂಡ ಹೋ ಎಂದು ಕೂಗಿತು. ವೂರ್‌ಬರ್ಗ್ ತಂಡವೂ ಕೂಗಿತು. ಫಯಾಜ್ ಬ್ಯಾಟನ್ನು ಆಕಾಶಕ್ಕೆ ಎಸೆದ.

"ಪಿಚ್ ಮಾತ್ರ ಮುಟ್ಟಬೇಡಿ," ಹೆಂಕ್ ಅಂಕಲ್ ಮುಂದುವರಿಸಿದರು. "ಅದು ಅವಕ್ಕೇ ಇರಲಿ. ನೀರು ನಿಲ್ಲಿಸಬೇಡಿ. ಸಂಜೆ ನಾನೇ ಒಂದು ಟ್ರ್ಯಾಕ್ಟರ್ ಸಗಣಿ ತಂದು ಸುರಿಯುತ್ತೇನೆ."

ಬ್ಯಾಟು ಕೆಳಗೆ ಬಿತ್ತು.

"ಅಂದ್ರೆ..." ಪ್ರಶಾಂತ್ ನಿಧಾನವಾಗಿ ಬಿಡಿಸಿಕೊಂಡರು. "ಗ್ರೌಂಡ್ ನಮ್ದು. ಪಿಚ್ ಮೋಲ್‌ದು. ಬೌಲಿಂಗ್ ಎಲ್ಲಿ ಮಾಡೋದು ಮೇಡಂ, ಕಾರ್ ಪಾರ್ಕಿಂಗಲ್ಲಾ?"

"ಹಾಗಾದ್ರೆ ನಾನು ನಾಟೌಟ್ ತಾನೆ?" ಅಂದ ಫಯಾಜ್.

ಎಲ್ಲರ ಕಣ್ಣೂ ನನ್ನ ಮೇಲೆ ನೆಟ್ಟಿತ್ತು. ಇಂಥ ಕ್ಷಣದಲ್ಲಿ ಮೌನವಾಗಿರುವುದು ನನ್ನ ಜಾಯಮಾನವಲ್ಲ. ಪಿಚ್‌ನ ತುದಿಯಲ್ಲಿ ನಿಂತು, ಕೋಟಿನ ಕಾಲರು ಸರಿಪಡಿಸಿಕೊಂಡು ಆರಂಭಿಸಿದೆ. "ಮಿತ್ರರೇ, ಮೋಲ್‌ಗಳನ್ನು ಓಡಿಸುವುದು ಹಳೆಯ ಪದ್ಧತಿ. ಅವುಗಳನ್ನು ಒಂದೆಡೆ ಸೇರಿಸುವುದೇ ಮೊದಲಿನಿಂದಲೂ ನನ್ನ ಯೋಜನೆಯಾಗಿತ್ತು."

"ಸಮೀ, ಸ್ವಲ್ಪ ಪಕ್ಕಕ್ಕೆ ಬಾ," ಅಂದ ಫಯಾಜ್.

"ಮಧ್ಯ ಬಾಯಿ ಹಾಕ್ಬೇಡ! ಮಿತ್ರರೇ, ಈ ವಿಚಾರದಲ್ಲಿ ನನಗೆ ಮೂರು ಅಂಶಗಳು ಮುಖ್ಯವೆನಿಸುತ್ತವೆ."

ಮೊದಲ ಅಂಶಕ್ಕೆ ನನ್ನ ಎಡಗಾಲಿನ ಕೆಳಗಿನ ನೆಲ ಮೆತ್ತಗಾಯಿತು. ಸುರಂಗಗಳು ಪಿಚ್‌ನ ಈ ತುದಿಯವರೆಗೂ ಬಂದಿದ್ದವು. ಎರಡನೆಯ ಅಂಶಕ್ಕೆ ಪಾದ ಮರೆಯಾಯಿತು. ಮಾತು ಏರುತ್ತಿತ್ತು, ನಾನು ಇಳಿಯುತ್ತಿದ್ದೆ. ಮೂರನೆಯ ಅಂಶ ಏನೆಂದು ಇಂದಿಗೂ ಯಾರಿಗೂ ತಿಳಿಯದು, ಯಾಕೆಂದರೆ ಅದನ್ನು ಹೇಳಲು ಬಾಯಿ ತೆರೆದಾಗ ಮಂಡಿಯವರೆಗೆ ನೆಲ ಕುಸಿದು, ಬಿಳಿ ಕೋಟಿನ ಸಮೇತ ನಾನು ನನ್ನದೇ ಸಗಣಿಯ ಮೇಲೆ ಬೋರಲಾಗಿ ಮಲಗಿದ್ದೆ. ಮೂಗಿನ ನೇರಕ್ಕೆ ಹೊಸ ಗುಡ್ಡೆಯೊಂದು ಮೆಲ್ಲಗೆ ಏಳುತ್ತಿತ್ತು.

ಮೈದಾನದ ತುಂಬ ಚಪ್ಪಾಳೆ ಬಿತ್ತು. ನಮ್ಮಿಬ್ಬರಲ್ಲಿ ಯಾರಿಗೆ ಎಂದು ನಾನು ವಿಚಾರಿಸಲಿಲ್ಲ.